ಅಪ್ಪಯ್ಯ ಬಾಯಿ ಬಿಡಲಿಲ್ಲ

ನವೆಂಬರ್ 14, 2024, ಗುರುವಾರ ರಾತ್ರಿ
ಗನ್ನಿಸನ್, ಕೊಲರಾಡೊ

ಶೂ ಬಿಚ್ಚಲೂ ತ್ರಾಣ ಇಲ್ಲ. ಪಕ್ಕದ ಮಂಚದಲ್ಲಿ ಅಪ್ಪಯ್ಯ ಗೊರಕೆ ಹೊಡೆಯುತ್ತಿದ್ದಾರೆ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಮೂರು ದಿನ ಆಯ್ತು, ಕೋವಿ ಒಂದು ಸಲವೂ ಸದ್ದು ಮಾಡಿಲ್ಲ. ಇಲ್ಲಿ ಮ್ಯೂಲ್ ಡಿಯರ್ ಅನ್ನೋ ಜಿಂಕೆ ಹೊಡೆಯೋಕೆ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷ ವರ್ಷ ಅರ್ಜಿ ಹಾಕಿ, ಪಾಯಿಂಟು ಕೂಡಿಸಿ, ಅಂತೂ ಈ ಸಲ ಬಂತು. ಅದೇ ಹೊತ್ತಿಗೆ ಊರಿಂದ ಅಪ್ಪಯ್ಯ, ಅಮ್ಮ ಇಬ್ಬರೂ ಬಂದಿದ್ದಾರೆ. "ಕಾಡುಪ್ರಾಣಿಗೂ ಲಾಟರಿಯಾ?" ಅಂತ ಅಪ್ಪಯ್ಯ ನಕ್ಕಿದ್ದೇ ನಕ್ಕಿದ್ದು. ಅವರು ಕೋವಿ ಮುಟ್ಟುವ ಹಾಗಿಲ್ಲ. ಸುಮ್ನೆ ಜೊತೆಗೆ.

ರೈಫಲ್ ಹಿಡಿದವನು 500 ಚದರ ಇಂಚಾದರೂ ಹೊಳೆಯುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣ ತೊಡಬೇಕು ಅಂತ ಇಲ್ಲಿ ಕಾನೂನು. ಅಪ್ಪಯ್ಯನಿಗೂ ಒಂದು ಕಿತ್ತಳೆ ಅಂಗಿ ತೊಡಿಸಿದೆ. "ಮೇಳಕ್ಕೆ ವೇಷ ಕಟ್ಟಿದ ಹಾಗಾಯ್ತು. ಇದನ್ನು ನೋಡಿ ಮಿಗ ನಿಲ್ಲುತ್ತಾ?" ಜಿಂಕೆ ಕಣ್ಣಿಗೆ ಆ ಬಣ್ಣ ಮಂಕು ಅಂದೆ. ನಂಬಲಿಲ್ಲ.

ಈ ಊರೇ 7,700 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಇಲ್ಲಿನ ಪೆಟ್ರೋಲ್ ಬಂಕು ಮೇಲೆ! ನಾವು ಹತ್ತಿದ್ದು ಅದಕ್ಕೂ ಮೇಲೆ. ಅಪ್ಪಯ್ಯನಿಗೆ 74. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಸುಸ್ತಾಗಿ ನಿಂತಿದ್ದಲ್ಲ ಅನ್ನುವ ಹಾಗೆ ಬೈನಾಕ್ಯುಲರ್ ಎತ್ತುತ್ತಾರೆ. ಅದು ಎದೆಯ ಜೊತೆ ಮೇಲೆ ಕೆಳಗೆ ಆಡುತ್ತಿರುತ್ತದೆ.

ಬೆಟ್ಟದ ತುಂಬ ಸೇಜ್‌ಬ್ರಷ್ ಗಿಡ, ಬೂದು ಬಣ್ಣ. ಚಳಿಗಾಲಕ್ಕೆ ಜಿಂಕೆ ಮೈಯೂ ಅದೇ ಬೂದು. "ಇಡೀ ಮಿಗ ಹುಡುಕ್ಬೇಡ, ಕಿವಿ ಹುಡುಕು" ಅಂದರು. ಹೇಸರಗತ್ತೆಯಂಥ ಕಿವಿ. ಮ್ಯೂಲ್ ಅನ್ನೋ ಹೆಸರು ಬಂದಿದ್ದೇ ಅದರಿಂದ. ಮಧ್ಯಾಹ್ನ ಎರಡು ಹೆಣ್ಣು ಎದ್ದವು. ನಾಲ್ಕೂ ಕಾಲು ಒಟ್ಟಿಗೆ ಊರಿ ಪುಟಿದು ಪುಟಿದು ಗುಡ್ಡ ದಾಟಿದವು. ನನ್ನ ಪರ್ಮಿಟ್ಟು ಗಂಡಿಗೆ.

ರಾತ್ರಿ ರೂಮಿನಲ್ಲಿ ಕುಕ್ಕರ್ ಅನ್ನ, ಪುಡಿ ಹಾಕಿದ ಸಾರು. ಮನೆಯಿಂದ ಅಮ್ಮನ ಫೋನ್ ಬಂತು. ಒಂದೇ ಪ್ರಶ್ನೆ, ಮಾತ್ರೆ ತಗೊಂಡ್ರಾ ಅಂತ. ತಗೊಂಡಿರಲಿಲ್ಲ. ಆಮೇಲೆ ಅಪ್ಪಯ್ಯ ಅನ್ನ ಕಲಸುತ್ತಾ ಅಂದರು:

"ಬೆಳಿಗ್ಗೆ ಒಂದಿತ್ತು."

"ಏನು?"

"ಗಂಡು. ಆ ಕೆಂಪು ಕಲ್ಲಿನ ಬುಡದಲ್ಲಿ ಮಲಗಿತ್ತು. ಒಳ್ಳೇ ಕೊಂಬು."

"ಅಪ್ಪಯ್ಯ! ಹೇಳ್ಬೇಕಲ್ವಾ?"

"ಹೇಳಿದ್ರೆ ನೀನು ಹೊಡೀತಿದ್ದೆ."

"ಮತ್ತೆ ಬಂದಿದ್ಯಾಕೆ ನಾವು?"

ಬೆರಳು ಚೀಪಿದರು. "ಹೊರೋರು ಯಾರು ಮಾರಾಯ? ಮಾಂಸ ಬಿಟ್ಟು ಬರೋ ಹಾಗಿಲ್ಲ ಅಂತ ನೀನೇ ಹೇಳಿದ್ದೀಯ. ಆ ಇಳಿಜಾರಲ್ಲಿ ನೀನೊಬ್ನೇ ಎರಡು ಮೂರು ಸಲ ಹತ್ತಿ ಇಳೀಬೇಕು. ನಾನು ಕಲ್ಲಿನ ಮೇಲೆ ಕೂತು ನೋಡ್ಲಾ?"

ನಾನು ಜಾಸ್ತಿಯೇ ಕೂಗಾಡಿದೆ. ಎಷ್ಟು ವರ್ಷ ಕಾದಿದ್ದೆ ಗೊತ್ತಾ ಅಂದೆ. ಅವರು ತಟ್ಟೆ ತೊಳೆದು ಬಂದು ಕೂತರು. ಆಮೇಲೆ ನನ್ನನ್ನು ನೋಡದೆ ಅಜ್ಜಯ್ಯನ ಮಾತು ತೆಗೆದರು.

1972ರ ವನ್ಯಜೀವಿ ಕಾಯ್ದೆ ಬರೋಕೆ ಮುಂಚಿನ ಮಾತು. ತೀರ್ಥಹಳ್ಳಿ ಕಡೆ ಹಂದಿ ಶಿಕಾರಿ ಅಂದರೆ ಊರೇ ಹೊರಡುತ್ತಿತ್ತು. ಹಳು ನುಗ್ಗಿ ಹಂದಿ ಎಬ್ಬಿಸುವವರು, ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಕಾಯುವ ಜಾಗಕ್ಕೆ, ನಿಲ್ಲುವವರು. ನಾಯಿಗೂ ಪಾಲು. ಅಜ್ಜಯ್ಯನ ಈಡು ತಪ್ಪಿದ್ದೇ ಇಲ್ಲವಂತೆ (ನಮ್ಮ ಕಡೆ ಯಾರ ಅಜ್ಜನ ಈಡೂ ತಪ್ಪಿಲ್ಲ ಬಿಡಿ). "ಕಾಲು ಸೋತ ಮೇಲೆ ಅವರನ್ನ ಅಂಗಳದಲ್ಲಿ ಕೂರಿಸಿ, ಪಾಲು ಹಾಕೋ ಕೆಲಸ ಕೊಟ್ವಿ. ದೊಡ್ಡ ಮರ್ಯಾದೆ ಅಂತ ನಾವಂದುಕೊಂಡಿದ್ದು. ಒಬ್ಬೊಬ್ಬರದೂ ಸರಿಯಾಗಿ ಪಾಲು ಹಾಕೋರು, ತಾವು ಮಾತ್ರ ಒಂದು ತುಂಡೂ ತಿಂತಿರಲಿಲ್ಲ."

ಅಷ್ಟು ಹೇಳಿ ಮಗ್ಗುಲಾದರು. ನಾನು ಸೀಲಿಂಗ್ ನೋಡುತ್ತಾ ಕೂತೆ. ಹೀಟರ್ ಸದ್ದು ಬೇರೆ.

ಸೀಸನ್ ಭಾನುವಾರದವರೆಗಿದೆ. ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಮ್ಯಾಪಿನಲ್ಲಿ ನೋಡಿದರೆ ಮೇಲಿನ ಮಣ್ಣುರಸ್ತೆಯಿಂದ ಆ ಕಲ್ಲು ಹತ್ತಿರ, ಇಳಿಜಾರೂ ಕಮ್ಮಿ. ಇನ್ನೊಂದು ಚೀಲ ಕಾರಿನಲ್ಲಿದೆ, ಮಗಳ ಸ್ಕೂಲಿಂದು. ಗುಂಡಿಗೆ, ಈಲಿ ಅಷ್ಟನ್ನೇ ಅದಕ್ಕೆ ಹಾಕಿ ಅವರ ಹೆಗಲಿಗೆ ಕೊಟ್ಟರೆ…