ಗುಲ್ಮದ ಅಂಚಿನ ಕಚ್ಚುಗಳು

ದಾವಣಗೆರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ನಾನು, ಅಂಗಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಟ್ರೇಯಲ್ಲಿ ಒಂದರಂತೆ ಇನ್ನೊಂದಿರುವ ಎರಡು ಗುಲ್ಮಗಳನ್ನು (ಸ್ಪ್ಲೀನ್, ಹೊಟ್ಟೆಯ ಎಡ ಮೇಲ್ಭಾಗದ ಅಂಗ) ಈವರೆಗೆ ಕಂಡಿಲ್ಲ. ನಮ್ಮ ಹುಡುಗರು ಮಾತ್ರ 1, 3, 5, 7, 9, 11 ಎಂಬ ಸೂತ್ರವನ್ನು ಬಾಯಿಪಾಠ ಮಾಡಿರುತ್ತಾರೆ: 1 ಅಂಗುಲ ದಪ್ಪ, 3 ಅಂಗುಲ ಅಗಲ, 5 ಅಂಗುಲ ಉದ್ದ, 7 ಔನ್ಸ್ ತೂಕ, 9ರಿಂದ 11ನೇ ಪಕ್ಕೆಲುಬುಗಳ ಮರೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ವಯಸ್ಕರಲ್ಲಿ ಸರಾಸರಿ 150 ಗ್ರಾಂ ತೂಗುವ ಈ ಅಂಗ, ಯಾವ ರೋಗವೂ ಇಲ್ಲದೆ 80 ಗ್ರಾಂನಷ್ಟು ಹಗುರವಾಗಿಯೂ ಇರಬಹುದು, 300 ಗ್ರಾಂವರೆಗೂ ತೂಗಬಹುದು.

ಜಠರ, ಎಡ ಮೂತ್ರಪಿಂಡ ಮತ್ತು ದೊಡ್ಡ ಕರುಳಿನ ಒತ್ತುಗುರುತುಗಳನ್ನು ಹೊತ್ತ ಗುಲ್ಮ, ಕೆಲವರಲ್ಲಿ ಬೆಣೆಯಂತೆ, ಕೆಲವರಲ್ಲಿ ತ್ರಿಕೋನವಾಗಿ ಕಾಣುತ್ತದೆ. ಅದರ ಮೇಲಂಚಿನ ಮೇಲೆ ಬೆರಳಾಡಿಸಿದರೆ ಒಂದೆರಡು ಕಚ್ಚುಗಳು ತಗಲುತ್ತವೆ. ಭ್ರೂಣದಲ್ಲಿ ಬಿಡಿಬಿಡಿಯಾಗಿ ಹುಟ್ಟಿದ ಸಣ್ಣ ಗಂಟುಗಳು ಬೆಸೆದುಕೊಂಡು ಗುಲ್ಮವಾದುದರ ಕುರುಹು ಅವು. ಹಿಗ್ಗಿದ ಗುಲ್ಮ ಹೊಟ್ಟೆಯ ಮೇಲಿಟ್ಟ ಕೈಗೆ ಸಿಕ್ಕಾಗ, ಅದು ಮೂತ್ರಪಿಂಡವಲ್ಲವೆಂದು ವೈದ್ಯರು ಗುರುತಿಸಲು ಈ ಕಚ್ಚೂ ಒಂದು ಆಧಾರ.

ಬೆಸೆಯದೆ ಉಳಿದ ಗಂಟೇ ಉಪಗುಲ್ಮ. ಹತ್ತರಲ್ಲಿ ಒಬ್ಬರಲ್ಲಾದರೂ ಇರುವ ಇದು, ಸಾಮಾನ್ಯವಾಗಿ ಗುಲ್ಮದ ರಕ್ತನಾಳಗಳು ಒಳಹೊಕ್ಕುವ ಜಾಗದಲ್ಲಿ ಅಥವಾ ಮೇದೋಜೀರಕ ಗ್ರಂಥಿಯ ಬಾಲದ ಬಳಿ ಕುಳಿತಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದನ್ನು ಗಡ್ಡೆಯೆಂದು ತಿಳಿಯುವ ಸಂಭವವಿದೆ. ಪ್ಲೇಟ್‌ಲೆಟ್ ಕುಸಿಯುವ ಕಾಯಿಲೆಗಾಗಿ ಗುಲ್ಮವನ್ನು ತೆಗೆದಾಗ ಇದೊಂದು ಉಳಿದುಬಿಟ್ಟರೆ, ಕ್ರಮೇಣ ಬೆಳೆದು ರೋಗ ಮರುಕಳಿಸಲು ಕಾರಣವಾಗಬಹುದಾದ್ದರಿಂದ, ಶಸ್ತ್ರವೈದ್ಯರು ಹೊಟ್ಟೆಯನ್ನು ಹೊಲಿಯುವ ಮೊದಲೇ ಇದಕ್ಕಾಗಿ ಹುಡುಕುತ್ತಾರೆ.