ಮಗನಿಗೆ ಜಮೀನು ಬರೆದುಕೊಡುವ ಮೊದಲು ಕರಡಿನಲ್ಲಿ ಹುಡುಕಬೇಕಾದ ಸಾಲು

ವಯಸ್ಸಾದ ರೈತರು ಬದುಕಿರುವಾಗಲೇ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಕೊಡಲು ಕಾರಣಗಳು ಹಲವು. ಸೊಸೈಟಿ ಸಾಲಕ್ಕೆ ಮಗನ ಹೆಸರಿನ ಪಹಣಿ ಬೇಕು, ಮದುವೆ ಮಾತುಕತೆಯಲ್ಲಿ ಹುಡುಗನ ಹೆಸರಿಗೆ ಎಷ್ಟು ಎಕರೆ ಇದೆ ಎಂದು ಕೇಳುತ್ತಾರೆ, ತಾವು ಹೋದಮೇಲೆ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಮಕ್ಕಳು ಅಲೆಯಬಾರದು ಎಂಬ ಕಾಳಜಿಯೂ ಇರುತ್ತದೆ. ಉಪನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಮಾದರಿ ದಾನಪತ್ರ ಸಿದ್ಧವಾಗಿಯೇ ಇರುತ್ತದೆ. ಹೆಸರು, ಸರ್ವೆ ನಂಬರು, ಚಕ್ಕುಬಂದಿ ಬದಲಾಯಿಸಿದರೆ ಪತ್ರ ತಯಾರು. ಆ ಮಾದರಿಯ ಒಕ್ಕಣೆ ಸಾಮಾನ್ಯವಾಗಿ ಹೀಗಿರುತ್ತದೆ: 'ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿರುತ್ತೇನೆ, ಇಂದಿನಿಂದ ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು, ಇದಕ್ಕೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ.'

ಇಷ್ಟೇ ಬರೆದು ಹೆಬ್ಬೆಟ್ಟು ಒತ್ತಿದರೆ, ನಾಳೆ ಮಗ ಊಟ ಹಾಕದಿದ್ದಾಗ ಆ ಜಮೀನನ್ನು ವಾಪಸು ಪಡೆಯುವುದು ಬಹಳ ಕಷ್ಟ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 23ನೇ ಕಲಂ ಪ್ರಕಾರ, 60 ವರ್ಷ ತುಂಬಿದವರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ಕೊಟ್ಟಿದ್ದರೆ, ಆ ಕೊಡುಗೆಗೆ 'ನನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಇದ್ದರೆ, ಪಡೆದವರು ಅದನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ಮೋಸದಿಂದ ಅಥವಾ ಒತ್ತಾಯದಿಂದ ಆದದ್ದೆಂದು ಭಾವಿಸಿ ಈ ಕಾಯ್ದೆಯಡಿಯ ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು, ಅಂದರೆ ರದ್ದು ಮಾಡಬಹುದು. ಮಕ್ಕಳು ನೋಡಿಕೊಳ್ಳದಿದ್ದರೆ ಆಸ್ತಿ ತಾನಾಗಿಯೇ ವಾಪಸು ಬರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಹರಡಿದೆ. ಅದು ಅರ್ಧ ಸತ್ಯ. ಷರತ್ತು ಇತ್ತು ಎಂಬುದನ್ನು ತೋರಿಸಲೇಬೇಕು, ಬರೀ ವರ್ಗಾವಣೆಯಾಗಿದೆ ಎಂಬುದು ಸಾಲದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಒಬ್ಬ ತಾಯಿಗೆ ಆಸ್ತಿ ಮರಳಿ ಕೊಡಿಸುತ್ತಾ, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಆದರೆ ಆ ಪ್ರಕರಣದಲ್ಲಿಯೂ ಕೊನೆಯತನಕ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಪತ್ರದ ಆಧಾರವಿತ್ತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ರೈತರಿಗೆ ತಿಳಿಯಬೇಕಾದದ್ದು ಒಂದೇ: ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ, ಕಾಗದದಲ್ಲಿ ಬರೆಸಿ.

ಏನೆಂದು ಬರೆಸಬೇಕು? ದಾನಪತ್ರದೊಳಗೇ, ಆಸ್ತಿಯ ವಿವರ ಬರೆಯುವ ಷೆಡ್ಯೂಲಿಗಿಂತ ಮೊದಲು, ಇಂಥ ಒಂದು ಪ್ಯಾರಾ ಇರಲಿ: 'ದಾನ ಪಡೆಯುವವರು ದಾನ ಕೊಡುವವರಿಗೂ ಅವರ ಪತ್ನಿಗೂ ಅವರ ಜೀವಿತಾವಧಿಯವರೆಗೆ ಊಟ, ಬಟ್ಟೆ, ವಸತಿ ಮತ್ತು ವೈದ್ಯಕೀಯ ಆರೈಕೆಯನ್ನು ಒದಗಿಸತಕ್ಕದ್ದು. ಈ ಷರತ್ತಿಗೆ ಒಳಪಟ್ಟೇ ದಾನ ಕೊಡಲಾಗಿದೆ. ತಪ್ಪಿದಲ್ಲಿ 2007ರ ಕಾಯ್ದೆಯ ಕಲಂ 23ರನ್ವಯ ಈ ಪತ್ರವನ್ನು ಅನೂರ್ಜಿತವೆಂದು ಘೋಷಿಸಿಕೊಳ್ಳುವ ಹಕ್ಕು ದಾನ ಕೊಡುವವರಿಗೆ ಇರುತ್ತದೆ.' ಪತ್ನಿಯ ಹೆಸರನ್ನು ಬಿಡಬೇಡಿ. ಜಮೀನು ಗಂಡನ ಹೆಸರಿನಲ್ಲಿ ಇರುವುದರಿಂದ ಪತ್ರವೂ ಅವನೊಬ್ಬನ ಬಗ್ಗೆ ಮಾತಾಡುತ್ತದೆ. ಅವನು ತೀರಿಕೊಂಡ ಮೇಲೆ ಹೆಂಡತಿ ಕೈಯಲ್ಲಿ ಏನೂ ಇಲ್ಲದೆ ನಿಲ್ಲುತ್ತಾಳೆ.

ಈ ಸಾಮಾನ್ಯ ಷರತ್ತಿನ ಕೆಳಗೆ ಅಳತೆಗಳನ್ನೂ ಬರೆಸಬಹುದು: ವರ್ಷಕ್ಕೆ 2 ಕ್ವಿಂಟಲ್ ರಾಗಿ, 1 ಕ್ವಿಂಟಲ್ ಅಕ್ಕಿ, ತಿಂಗಳಿಗೆ ಔಷಧಿಗೆ ಇಂತಿಷ್ಟು ಹಣ, ಮನೆಯ ಇಂಥ ದಿಕ್ಕಿನ ಕೋಣೆ. ಅಳತೆ ಇದ್ದರೆ ಷರತ್ತು ತಪ್ಪಿದ್ದನ್ನು ಸಾಬೀತು ಮಾಡುವುದು ಸುಲಭ. ಆದರೆ ಅಳತೆ ಮಾತ್ರ ಬರೆಸಿದರೆ, 'ರಾಗಿ ಕೊಟ್ಟಿದ್ದೇನೆ, ಆಸ್ಪತ್ರೆ ಖರ್ಚು ಪತ್ರದಲ್ಲಿಲ್ಲ' ಎಂಬ ವಾದಕ್ಕೆ ದಾರಿಯಾಗುತ್ತದೆ. ಅದಕ್ಕೇ 'ಇಷ್ಟಕ್ಕೇ ಸೀಮಿತವಾಗದೆ' ಎಂಬ ಮಾತು ಸೇರಿರಲಿ. ಮಾದರಿ ಪತ್ರದಲ್ಲಿ 'ಯಾವುದೇ ಷರತ್ತಿಲ್ಲದೆ' ಎಂಬ ಪದಗಳಿದ್ದರೆ ಹೊಡೆದು ಹಾಕಿಸಿ. ಒಂದು ಕಡೆ ಷರತ್ತು, ಇನ್ನೊಂದು ಕಡೆ ಷರತ್ತಿಲ್ಲ ಎಂದಿದ್ದರೆ ಎದುರು ಪಕ್ಷ ಹಿಡಿಯುವುದು ಆ ಎರಡನೆಯದನ್ನೇ.

ಪಾಲುಪತ್ರದ ವಿಷಯ ಬೇರೆ. ಪಿತ್ರಾರ್ಜಿತ ಜಮೀನನ್ನು ಪಾಲು ಮಾಡಿದಾಗ, 'ಇದು ವರ್ಗಾವಣೆಯಲ್ಲ, ನನಗೆ ಹುಟ್ಟಿನಿಂದ ಇದ್ದ ಹಕ್ಕನ್ನು ಬೇರೆ ಮಾಡಿಕೊಂಡದ್ದು' ಎಂದು ಮಕ್ಕಳು ವಾದಿಸುತ್ತಾರೆ. ಆ ವಾದಕ್ಕೆ ಕಾನೂನಿನಲ್ಲಿ ತೂಕವಿದೆ. ಹಾಗಾಗಿ ಪಾಲು ಮಾಡುವಾಗ ತಂದೆ ತಾಯಿ ತಮಗೂ ಒಂದು ಪಾಲು ಇಟ್ಟುಕೊಳ್ಳುವುದೇ ಸರಿ. ಅರ್ಧ ಎಕರೆಯಾದರೂ ಪಹಣಿಯ 9ನೇ ಕಲಂನಲ್ಲಿ ಅವರ ಹೆಸರು ಉಳಿಯಲಿ. ಹೆಸರಿನಲ್ಲಿ ಜಮೀನೇ ಇಲ್ಲದಿದ್ದರೆ ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿಯೂ ನಿಲ್ಲುತ್ತದೆ, ಬೆಳೆಸಾಲ ಪಡೆಯುವ ಅರ್ಹತೆಯೂ ಹೋಗುತ್ತದೆ. ದಾನಕ್ಕಿಂತ ಉಯಿಲು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಬದುಕಿರುವವರೆಗೆ ಜಮೀನು ನಿಮ್ಮದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಾಯಿಸಬಹುದು. ದಾನ ಹಾಗಲ್ಲ. ನೋಂದಣಿಯಾದ ದಾನಪತ್ರವನ್ನು ಕೊಟ್ಟವರು ತಮಗೆ ಬೇಕೆಂದಾಗ ಒಬ್ಬರೇ ಹೋಗಿ ರದ್ದತಿ ಪತ್ರ ಬರೆಸಿದರೆ ಅದು ನಿಲ್ಲುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ. ಇದನ್ನು ತಿಳಿಯದೆ ಸ್ಟಾಂಪು, ಓಡಾಟ ಎಂದು ದುಡ್ಡು ಕಳೆದುಕೊಳ್ಳುವವರಿದ್ದಾರೆ.

ಪತ್ರ ಆಗಿಹೋಗಿದೆ, ಮಗ ನೋಡುತ್ತಿಲ್ಲ ಎಂದಾದರೆ ಹೋಗಬೇಕಾದದ್ದು ಉಪವಿಭಾಗಾಧಿಕಾರಿಗಳ ಬಳಿ, ಅಂದರೆ ಜನ ಎಸಿ ಕೋರ್ಟ್ ಎನ್ನುವಲ್ಲಿಗೆ. ಮೇಲೆ ಹೇಳಿದ ನ್ಯಾಯಮಂಡಳಿಯ ಅಧ್ಯಕ್ಷರು ಅವರೇ. ತಂದೆ ತಾಯಿ ಇರುವ ಊರು, ಈ ಹಿಂದೆ ಇದ್ದ ಊರು, ಮಕ್ಕಳಿರುವ ಊರು, ಇವುಗಳಲ್ಲಿ ಯಾವುದರ ವ್ಯಾಪ್ತಿಯಲ್ಲಾದರೂ ಅರ್ಜಿ ಹಾಕಬಹುದು. ಕಾಯ್ದೆಯ 17ನೇ ಕಲಂ ವಕೀಲರನ್ನು ಹೊರಗಿಟ್ಟಿದ್ದರೂ, ಹೈಕೋರ್ಟ್‌ಗಳು ವಕೀಲರ ಕಾಯ್ದೆಯ ಆಧಾರದಲ್ಲಿ ಅವರಿಗೆ ಅವಕಾಶ ಕೊಟ್ಟಿವೆ. ಅರ್ಜಿದಾರರು ಕೇಳಿಕೊಂಡರೆ ಜಿಲ್ಲೆಯ ಪೋಷಣಾ ಅಧಿಕಾರಿ ಅವರ ಪರವಾಗಿ ನಿಲ್ಲಬಹುದು. ಅರ್ಜಿಯ ಜೊತೆ ದಾನಪತ್ರದ ದೃಢೀಕೃತ ನಕಲು, ದಾನಕ್ಕೆ ಮುಂಚಿನ ಮತ್ತು ಈಗಿನ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪ್ರತಿ, ವಯಸ್ಸಿನ ದಾಖಲೆ, ಔಷಧಿ ಚೀಟಿ ಮತ್ತು ಬಿಲ್ಲುಗಳು ಇರಲಿ. ಋಣಭಾರ ಪತ್ರವನ್ನೂ ತೆಗೆಸಿ. ಮಗ ಈಗಾಗಲೇ ಅಡವಿಟ್ಟಿದ್ದಾನೋ ಮಾರಿದ್ದಾನೋ ಅದರಲ್ಲಿ ಕಾಣುತ್ತದೆ.

ಅರ್ಜಿಯಲ್ಲಿ ಎರಡು ಬೇಡಿಕೆ ಬೇರೆ ಬೇರೆಯಾಗಿ ಇರಬೇಕು: ಮಾಸಿಕ ಜೀವನಾಂಶ, ಮತ್ತು 23ನೇ ಕಲಂ ಕೆಳಗೆ ಪತ್ರವನ್ನು ಅನೂರ್ಜಿತಗೊಳಿಸುವುದು. ಎರಡನ್ನೂ ಕಲಸಿ 'ನನ್ನ ಜಮೀನು ಕೊಡಿಸಿ' ಎಂದು ಒಂದೇ ಸಾಲಿನಲ್ಲಿ ಬರೆದರೆ, ಷರತ್ತಿನ ಪುರಾವೆ ಇಲ್ಲವೆಂದು ಜಮೀನಿನ ಬೇಡಿಕೆ ಬಿದ್ದಾಗ ಜೀವನಾಂಶದ ಬೇಡಿಕೆಯೂ ಅದರೊಟ್ಟಿಗೆ ಕಳೆದುಹೋಗುವ ಅಪಾಯವಿದೆ. ಜೀವನಾಂಶಕ್ಕೆ ದಾನಪತ್ರವೇ ಬೇಡ. ದುಡಿದು ತಿನ್ನಲಾಗದ, ಸ್ವಂತ ಆದಾಯ ಸಾಲದ ತಂದೆ ತಾಯಿ ಮಗನ ಮೇಲೂ ಮಗಳ ಮೇಲೂ, ವಯಸ್ಕ ಮೊಮ್ಮಕ್ಕಳ ಮೇಲೂ ಅರ್ಜಿ ಹಾಕಬಹುದು. ತಂದೆ ತಾಯಿಗೆ ಇದರಲ್ಲಿ 60 ವರ್ಷದ ಕಟ್ಟಳೆಯೂ ಇಲ್ಲ. ನೋಟಿಸು ಜಾರಿಯಾದ ದಿನದಿಂದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಒಂದು ಸಲ ಮಾತ್ರ 30 ದಿನ ಹೆಚ್ಚು. ನಡುವೆ ಮಧ್ಯಂತರ ಭತ್ಯೆ ಕೇಳಬಹುದು. ಕೇಳದಿದ್ದರೆ ಸಿಗುತ್ತದೆಂದು ಕಾಯಬೇಡಿ, ಮೊದಲ ದಿನವೇ ಬೇರೆ ಮನವಿ ಕೊಡಿ.

ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಊಟ, ಬಟ್ಟೆ, ವಸತಿ, ಚಿಕಿತ್ಸೆ ಎಲ್ಲವೂ ಅದರೊಳಗೇ ಬರಬೇಕು. 2007ರ ಲೆಕ್ಕದ ಈ ಮೊತ್ತ ಇಂದು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಓಡಾಟದ ಖರ್ಚಿಗೂ ಸಾಲದು. ಮಿತಿಯನ್ನು ತೆಗೆಯುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೂ ಹೋಯಿತು, ಆದರೆ ಕಾಯ್ದೆಯಾಗಲಿಲ್ಲ. ಹೆಚ್ಚು ಬೇಕಾದವರು ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಅಡಿ ಸಿವಿಲ್ ದಾವೆ ಹೂಡಬಹುದು. ಆದೇಶವಾದ ಮೇಲೂ ಮಗ ಕೊಡದಿದ್ದರೆ ಸುಮ್ಮನೆ ಕೂರಬಾರದು. ಬಾಕಿಯಾದ ದಿನದಿಂದ 3 ತಿಂಗಳೊಳಗೆ ಮತ್ತೆ ಅರ್ಜಿ ಕೊಟ್ಟರೆ ದಂಡದಂತೆ ವಸೂಲಿ ಮಾಡಿಸಬಹುದು, ಒಂದು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಆ 3 ತಿಂಗಳು ದಾಟಿದರೆ ಆ ಕಂತಿಗೆ ವಾರಂಟ್ ಹೊರಡಿಸಲು ಬರುವುದಿಲ್ಲ.

ಜಮೀನಿನ ಪರವಾಗಿ ಆದೇಶ ಬಂದರೆ ಅದರಲ್ಲಿ ತಹಶೀಲ್ದಾರರಿಗೆ ಖಾತೆ ಮರುಸ್ಥಾಪಿಸುವ ಸ್ಪಷ್ಟ ನಿರ್ದೇಶನ ಇರಲಿ. ಇಲ್ಲದಿದ್ದರೆ ಭೂಮಿ ಕೇಂದ್ರದಲ್ಲಿ ಆದೇಶದ ಪ್ರತಿ ಇಟ್ಟುಕೊಂಡು ನಿಲ್ಲಬೇಕಾಗುತ್ತದೆ. ಮಗ ರಿಟ್ ಹಾಕಿ ತಡೆ ತರುವ ಸಂಭವ ಹೆಚ್ಚು, ಆದ್ದರಿಂದ ಆದೇಶದ ಬೆನ್ನಿಗೇ ಹೈಕೋರ್ಟಿನಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ತಡೆ ಕೊಡಬೇಡಿ ಎಂಬ ಅರ್ಜಿ) ಹಾಕಿಸಿ. ಜಮೀನು ವಾಪಸು ಸಿಗದೆ ಅದರ ಆದಾಯದಿಂದ ಜೀವನಾಂಶ ಎಂದಷ್ಟೇ ಆದರೆ, ಅದನ್ನು ಪಹಣಿಯ 11ನೇ ಕಲಂನಲ್ಲಿ, ಹಕ್ಕು ಮತ್ತು ಋಣಗಳ ಅಂಕಣದಲ್ಲಿ, ದಾಖಲಿಸುವಂತೆ ನಿರ್ದೇಶನ ಕೇಳಿ. ಜೀವನಾಂಶದ ಹಕ್ಕು ಗೊತ್ತಿಲ್ಲದೆ ಹಣ ಕೊಟ್ಟು ಕೊಂಡವರ ಮೇಲೆ ಆ ಹಕ್ಕನ್ನು ಚಲಾಯಿಸಲು ಬರುವುದಿಲ್ಲ ಎನ್ನುತ್ತದೆ 23ರ ಎರಡನೇ ಉಪಕಲಂ. ಪಹಣಿಯಲ್ಲಿ ನಮೂದಾದರೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ಕೊನೆಗೆ ಆಸ್ಪತ್ರೆಗಳ ಮಾತು. ಹಿರಿಯರನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ಜಮೀನು ಮನೆ ಎಲ್ಲ ಬರೆಸಿಕೊಂಡವರು ಡಿಸ್ಚಾರ್ಜ್ ದಿನ ಬರುವುದೇ ಇಲ್ಲ. 2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಹೀಗೆ ಬಿಟ್ಟುಹೋದ ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬೇಕೆಂದು ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದರು. ಕಾಯ್ದೆಯಲ್ಲಿ ಇದಕ್ಕೆ ಆಧಾರವಿದೆ. ಹಿರಿಯರು ಅಶಕ್ತರಾಗಿದ್ದರೆ ಅವರು ಅಧಿಕಾರ ಕೊಟ್ಟ ಬೇರೆಯವರು ಅರ್ಜಿ ಹಾಕಬಹುದು, ಮಂಡಳಿ ತಾನೇ ವಿಚಾರಣೆಗೆ ತೆಗೆದುಕೊಳ್ಳಲೂ ಬಹುದು. ಹಿರಿಯರನ್ನು ಬಿಟ್ಟುಹೋಗುವುದು 24ನೇ ಕಲಂನಡಿ ಅಪರಾಧ: 3 ತಿಂಗಳವರೆಗೆ ಸೆರೆ, 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ವಾರ್ಡಿನಲ್ಲಿ ದಾಖಲಾಗುವ ಹೊತ್ತಿಗೇ ಕರೆತಂದವರ ಹೆಸರು, ಸಂಬಂಧ, ಆಧಾರ್ ಪ್ರತಿ, ಊರು, ಹಿರಿಯರ ಹೆಸರಿನಲ್ಲಿದ್ದ ಅಥವಾ ಇರುವ ಸರ್ವೆ ನಂಬರು, ಇಷ್ಟನ್ನು ಕೇಸ್ ಶೀಟಿನಲ್ಲಿ ಬರೆದಿಡಬೇಕು. ಸರ್ವೆ ನಂಬರು ಸಿಕ್ಕರೆ ಎಸಿ ಕಚೇರಿಯವರು ಭೂಮಿ ತಂತ್ರಾಂಶದಲ್ಲಿ ಆ ಜಮೀನು ಯಾರ ಹೆಸರಿಗೆ, ಯಾವ ಮ್ಯುಟೇಷನ್ ಸಂಖ್ಯೆಯಲ್ಲಿ ಹೋಗಿದೆ ಎಂಬುದನ್ನು ಅಂದೇ ತೆಗೆಯಬಹುದು. ನೋಟಿಸು ಯಾರಿಗೆ ಹೋಗಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಬರೆದುಕೊಳ್ಳುವವರು ಯಾರೂ ಇಲ್ಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.