ಎರಡು ಸಲ ಸುಳ್ಳು ಹೇಳಿದ ಬೆಡಿವಿಯರ್

ಪೋಸ್ಟರ್ ಪ್ರಾಜೆಕ್ಟಿಗೆ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆ ಹಿಡಿದು ಮೂರು ವಾರ ಆಯ್ತು. ಮೊದಲು ಎಲ್ಲರ ಹಾಗೆ ಕಲ್ಲಿನಿಂದ ಕತ್ತಿ ಕೀಳೋ ಹುಡುಗನನ್ನೇ ಬರೆದೆ. ನೀಟಾಗಿತ್ತು, ಜೀವ ಇರಲಿಲ್ಲ.

ಆಮೇಲೆ, 1485ರಲ್ಲಿ ಇಂಗ್ಲೆಂಡಿನ ಮುದ್ರಕ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಮ್ಯಾಲರಿ ಅನ್ನೋ ಲೇಖಕನ ಆರ್ಥರ್ ಕಥೆಯ ಕೊನೆ ಓದಿದೆ. ಸಾಯ್ತಿರೋ ರಾಜ, ಕತ್ತೀನ ನೀರಿಗೆಸೆದು ಬಾ ಅಂತ ತನ್ನ ಯೋಧ ಬೆಡಿವಿಯರನನ್ನ ಕಳಿಸ್ತಾನೆ. ಈ ಪುಣ್ಯಾತ್ಮನಿಗೆ ಹಿಡಿಯ ರತ್ನ ನೋಡಿ ಮನಸ್ಸೇ ಬರಲ್ಲ. ಮರದ ಬುಡದಲ್ಲಿ ಬಚ್ಚಿಟ್ಟು ಬಂದು, ಎಸೆದೆ ಅಂತಾನೆ. ಒಂದಲ್ಲ, ಎರಡು ಸಲ! ಮೂರನೇ ಸಲ ನಿಜಕ್ಕೂ ಎಸೆದಾಗ ನೀರಿಂದ ಕೈಯೊಂದು ಎದ್ದು ಹಿಡಿಯುತ್ತೆ.

ಈಗ ಪೋಸ್ಟರಲ್ಲಿ ಬೆಡಿವಿಯರನ ಬೆನ್ನು ಮಾತ್ರ. ಪೂರ್ತಿ ಕಪ್ಪು ಇಂಕು, ಮರದ ಬುಡದಲ್ಲಿ ಒಂದೇ ಒಂದು ಕೆಂಪು ಚುಕ್ಕಿ. ‘ಕತ್ತಿ ಎಲ್ಲಮ್ಮಾ?’ ಅಂದ್ರು ಮೇಷ್ಟ್ರು.

ಅಂದಹಾಗೆ, ಆ ಮೊದಲ ಸ್ಕೆಚ್ ಎಸೆದೆ ಅಂತ ಅವರಿಗೆ ಹೇಳಿದ್ದೀನಿ. ಮಂಚದ ಕೆಳಗಿದೆ.